ಕಕ್ಕಡ ಹದಿನೆಂಟರ ಮರುದಿನ

ನಿನ್ನೆ ಮದ್ದುಸೊಪ್ಪಿನ ಪಾಯಸ ಉಂಡ ಊರು
ಇವತ್ತು ನನ್ನ ಮೆಡಿಕಲ್ ಅಂಗಡಿಯ ಮುಂದೆ ನಿಂತು
ಒಂದೇ ಪ್ರಶ್ನೆ ಕೇಳುತ್ತದೆ, ಗಟ್ಟಿಯಾಗಿ, ನಗುತ್ತ:
"ಬಣ್ಣ ಬಂತಾ?"
"ಬಂತು ಬಂತು, ನೇರಳೆಹಣ್ಣಿನ ಹಾಗೆ."
ಬಸ್ಸಿಗೆ ಕಾಯುವ ಮೇಷ್ಟ್ರೂ ಹೇಳುತ್ತಾರೆ,
ಹಾಲಿನ ಕ್ಯಾನ್ ಇಳಿಸುವ ಹುಡುಗನೂ.
ವರ್ಷಕ್ಕೊಂದು ದಿನ ಸಿದ್ದಾಪುರದ ಗಂಡಸರು
ಸೊಂಟದ ಕೆಳಗಿನ ಸುದ್ದಿಯನ್ನು
ಹಗಲು ಬೆಳಕಿನಲ್ಲಿ ಮಾತಾಡುತ್ತಾರೆ.

ಉಳಿದ ದಿನ ಬರುವುದು ಶಟರ್ ಅರ್ಧ ಇಳಿದ ಮೇಲೆ.
ಮೊದಲು ತಲೆನೋವಿನ ಮಾತ್ರೆ,
ಬೇಡದ ಒಂದು ಬ್ಯಾಂಡೇಜು,
ಆಮೇಲೆ ಚಿಲ್ಲರೆ ಎಣಿಸುತ್ತ, ಗಲ್ಲಾಪೆಟ್ಟಿಗೆ ನೋಡುತ್ತ,
"ಮತ್ತೆ... ಅದು. ಹೋದ ಸಲದ್ದೇ. ಸ್ನೇಹಿತನಿಗೆ."

ಈ ಸ್ನೇಹಿತನನ್ನು ಹತ್ತೊಂಬತ್ತು ವರ್ಷದಿಂದ ಬಲ್ಲೆ.
ಊರಿನ ಪ್ರತಿ ಗಂಡಸಿಗೂ ಅವನೇ ಸ್ನೇಹಿತ.
ಪಾಪ, ಅವನ ತೊಡೆಸಂದಿ ಮಾತ್ರ
ಒಮ್ಮೆಯೂ ವಾಸಿಯಾಗಲಿಲ್ಲ.

ಟ್ಯೂಬನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆ.
ಎರಡು ದಿನ ತಂಪು, ಮೂರನೇ ವಾರಕ್ಕೆ ಬೆಂಕಿ,
ಕೆಂಡಕ್ಕೆ ಬೂದಿ ಹೊದೆಸುವ ಮುಲಾಮು ಅದು.
ನನಗೆ ಗೊತ್ತಿತ್ತು.
ಮಾರಿದೆ.

ಹೋದ ವರ್ಷ ಇದೇ ದಿನ, ಇದೇ ನಗೆಯ ನಡುವೆ
ಪಿಕಪ್ ಮೊಯ್ದುವನ್ನು ಯಾರೋ ಕೇಳಿದರು:
"ಏನೋ, ನಿನಗೂ ಬಣ್ಣ ಬಂತಾ?"
ಸ್ಟೇರಿಂಗ್ ಹಿಡಿದು ಕೂತೇ ಅವನು ಹೇಳಿದ:
"ಬಂದು ಎಂಟು ತಿಂಗಳಾಯಿತು. ಹೋಗ್ತಾ ಇಲ್ಲ.
ರಾತ್ರಿ ನಿದ್ದೆ ಇಲ್ಲ, ಕೆರೆದು ಕೆರೆದು ರಕ್ತ."

ನಗೆ ಚರಂಡಿಗೆ ಬಿದ್ದ ಹಾಗೆ ನಿಂತಿತು.
ಮೇಷ್ಟ್ರಿಗೆ ಬಾರದ ಬಸ್ಸು ಕಾಣಿಸಿತು.
ನಾನೆಂದೆ: "ಟ್ಯೂಬು ಸಾಕು. ಡಾಕ್ಟರಿಗೆ ತೋರಿಸು."
"ನೀನಾದರೆ ತೋರಿಸ್ತೀಯಾ?" ಅಂದ.
ಸುಮ್ಮನೆ ಅಂದದ್ದು.

ಮೂರು ವರ್ಷದಿಂದ ನನಗೊಂದು ಬಿಳಿ ಮಚ್ಚೆ,
ತುದಿಯಲ್ಲಿ, ಕಾಗದದ ಹಾಗೆ ಬಿಗಿದ ಚರ್ಮ.
ಅದಕ್ಕಾಗಿ ದೀಪ ಆರಿಸುವುದು ಕಲಿತಿದ್ದೆ.
ಹೆಂಡತಿ ಕರೆಂಟ್ ಬಿಲ್ಲು ಕಡಿಮೆಯಾಯಿತೆಂದು ಹೇಳಿದಳು,
ಬೇರೇನೂ ಹೇಳಲಿಲ್ಲ.

ಆ ಶುಕ್ರವಾರ ಇಬ್ಬರೂ ಮಡಿಕೇರಿ ಬಸ್ಸು ಹತ್ತಿದೆವು,
ಬೇರೆ ಬೇರೆ ಸೀಟು.
ಚೆಟ್ಟಳ್ಳಿ ದಾಟುವಾಗ ರಸ್ತೆಯಲ್ಲಿ ಆನೆ ಇದೆಯೆಂದು
ಅರ್ಧ ಗಂಟೆ ನಿಲ್ಲಿಸಿದರು.
ದೇವರೇ, ಇಡೀ ದಿನ ನಿಂತಿರಲಿ ಆ ಆನೆ,
ಅಂತ ಹರಕೆ ಹೊತ್ತವನು ನಾನೊಬ್ಬನೇ ಅಲ್ಲ ಅಂತ
ಮೊಯ್ದುವಿನ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಚರ್ಮ ವಿಭಾಗದ ಬೆಂಚಿನಲ್ಲಿ ಸುಬೇದಾರ್ ಉತ್ತಯ್ಯ.
ಹಿಮದಲ್ಲಿ ಎರಡು ಕಾಲ್ಬೆರಳು ಬಿಟ್ಟು ಬಂದವರು.
"ನೆಂಟರನ್ನು ನೋಡಲು ಬಂದೆ" ಎಂದರು.
ಕೈಯಲ್ಲಿ ಟೋಕನ್ ಹದಿನಾಲ್ಕು.
ನನ್ನದು ಹದಿನೈದು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು.
ಪರದೆ ಎಳೆದರು, ಕೈಗವಸು ಹಾಕಿದರು,
ಮೊಣಕೈಯ ಗಾಯ ನೋಡುವಂತೆ ನೋಡಿದರು.
"ಎಷ್ಟು ದಿನದಿಂದ?" ಅಂದರು. "ಮೂರು ವರ್ಷ."
ಬೈಯಲಿಲ್ಲ. ಬರೆದುಕೊಂಡರು.
ಒಟ್ಟು ನಾಲ್ಕು ನಿಮಿಷ.
ಮೂರು ವರ್ಷದ ಕತ್ತಲೆಗೆ ನಾಲ್ಕು ನಿಮಿಷ!

ಮೊಯ್ದುವಿನದು ಹುಳುಕಡ್ಡಿ, ನನ್ನ ಟ್ಯೂಬು ಸಾಕಿ ಬೆಳೆಸಿದ್ದು.
ವಾರಗಟ್ಟಲೆ ಮಾತ್ರೆ, ಒಣಗಿದ ಚಡ್ಡಿ,
ಮನೆಯವರಿಗೂ ಒಮ್ಮೆ ತೋರಿಸಿ ಅಂದರು.
ನನ್ನದರ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು.
ವರದಿ ಬರುವ ತನಕ ನಾನು ಸತ್ತು ಸತ್ತು ಬದುಕಿದೆ;
ಕೆಟ್ಟದ್ದಲ್ಲ ಅಂತ ಬಂತು.
"ಇನ್ನೂ ಬಿಟ್ಟಿದ್ದರೆ ಮೂತ್ರದ ದಾರಿಯೇ ಕಿರಿದಾಗುತ್ತಿತ್ತು."
ಕೊಟ್ಟ ಮುಲಾಮು ನನ್ನ ಕಪಾಟಿನಲ್ಲೇ ಇತ್ತು,
ಆದರೆ ರೋಗದ ಹೆಸರು ಹೇಳಿ, ಅಳತೆ ಹೇಳಿ, ದಿನ ಹೇಳಿ ಕೊಟ್ಟರು.
ಆ ಮೂರನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಈಗಲೂ ಶಟರ್ ಅರ್ಧ ಇಳಿದ ಮೇಲೆ ಬರುತ್ತಾರೆ.
ನಿನ್ನೆಯೂ ಒಬ್ಬ, ಹೊಸಬ, ಮೀಸೆ ಇನ್ನೂ ಬಲಿತಿಲ್ಲ.
"ಸ್ನೇಹಿತನಿಗೆ" ಅಂದ.
ಪೇಪರು ಹರಿಯಲಿಲ್ಲ. ಚೀಟಿ ಬರೆದುಕೊಟ್ಟೆ:
ಮಂಗಳವಾರ, ಶುಕ್ರವಾರ, ಒಂಬತ್ತರಿಂದ.
"ಏಳೂಮುಕ್ಕಾಲಿಗೆ ಬಸ್ಸಿದೆ, ಸ್ನೇಹಿತನಿಗೆ ಹೇಳು.
ಒಬ್ಬನೇ ಹೋಗಲು ಹೆದರಿಕೆಯಾದರೆ ನಾನೂ ಬರುತ್ತೇನೆ,
ನನ್ನದು ಇನ್ನೊಮ್ಮೆ ತೋರಿಸುವುದಿದೆ."